ಮಿಲಿಟರಿ ತೋಟಾದ ಕೇಪಿನ ಗುಳಿಯ ಮಡಿಕೆ ಬಿಡಿಸುವ ಬೆಂಚ್ ಯಂತ್ರ: ಆರು ವರ್ಷ ಬಳಸಿದವನ ವಿಮರ್ಶೆ

ಅಮೆರಿಕದ ಮಿಸ್ಸೌರಿ ರಾಜ್ಯದ ಟೂಲ್ ರೂಮೊಂದರಲ್ಲಿ ದುಡಿದ ಹದಿನೆಂಟು ವರ್ಷಗಳಲ್ಲಿ ಕೊನೆಯ ಆರು ವರ್ಷ ನನ್ನ ರಜೆಯ ದಿನಗಳು ಗುರಿ ಶೂಟಿಂಗಿನಲ್ಲೂ, ಅದಕ್ಕೆ ಬೇಕಾದ ತೋಟಾಗಳನ್ನು ಕೈಯಾರೆ ಮರುತುಂಬುವುದರಲ್ಲೂ ಕಳೆದವು. ಹೋದ ವರ್ಷ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಮರಳಿದೆ. ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಒಂದು ರಾತ್ರಿ ಈ ಮಾತು ಬಂದಾಗ, ತೋಟದ ರಕ್ಷಣೆಗೆಂದು ಪರವಾನಗಿಯ 12 ಬೋರ್ ಕೋವಿ ಇಟ್ಟುಕೊಂಡಿರುವ ನಮ್ಮ ಅಣ್ಣ, "ನಿನ್ನ ಆ ಮಿಷನ್ನು ನಮ್ಮ ತೋಟಾಕ್ಕೆ ಆಗ್ತದೇನಾ?" ಎಂದು ಕೇಳಿದ. ಆಗುವುದಿಲ್ಲ ಎಂಬ ಒಂದು ಮಾತಿನಲ್ಲಿ ಅವನಿಗೆ ಉತ್ತರ ಮುಗಿಯಿತು. ಆದರೆ ಮಲೆನಾಡಿನಿಂದ ಹೋಗಿ ಅಲ್ಲಿ ನೆಲೆಸಿ, ಈ ಹವ್ಯಾಸಕ್ಕೆ ಕೈಹಾಕಿರುವ ನಮ್ಮವರು ಕೆಲವರಿದ್ದಾರೆ. ಯಾವ ಸಲಕರಣೆ ಕೊಳ್ಳಬೇಕೆಂದು ಅವರು ಕೇಳುತ್ತಲೇ ಇರುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಸಲಕರಣೆಯ ಗುಣಾವಗುಣ ಹೇಳುವ ಮೊದಲು ಅದು ಬಿಡಿಸುವ ತೊಡಕು ಏನೆಂದು ಹೇಳಬೇಕು. ಕೇಪು ಎಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಬಟ್ಟಲು. ನಮ್ಮ ಹಿರಿಯರ ಕೇಪಿನ ಕೋವಿಯಲ್ಲಿ ಅದನ್ನು ಹೊರಗಿನಿಂದ ಸಿಕ್ಕಿಸುತ್ತಿದ್ದರು. ರೈಫಲಿನ ತೋಟಾದಲ್ಲಿ ಅದೇ ಕೇಪು ಮದ್ದು ತುಂಬುವ ಹಿತ್ತಾಳೆ ಕೊಳವೆಯ, ಅಂದರೆ ಕೇಸಿನ, ತಳದಲ್ಲಿರುವ ದುಂಡನೆಯ ಗುಳಿಯೊಳಗೆ ಬಿಗಿಯಾಗಿ ಕೂತಿರುತ್ತದೆ. ನಾಗರಿಕರಿಗೆ ಮಾರುವ ತೋಟಾಗಳಲ್ಲಿ ಸಾಮಾನ್ಯವಾಗಿ ಆ ಬಿಗಿಯೊಂದೇ ಸಾಕು. ಸೈನ್ಯದ ಬಂದೂಕುಗಳು ಒಂದೇ ಸಮನೆ ಸಿಡಿಯುವಂಥವು. ಅಂಥ ಹೊಡೆತದ ನಡುವೆ ಕೇಪು ಸಡಿಲಗೊಂಡು ಯಂತ್ರಭಾಗದೊಳಗೆ ಬಿದ್ದರೆ ಬಂದೂಕು ನಿಂತುಹೋಗುತ್ತದೆ. ಆದ್ದರಿಂದ ಕೇಪನ್ನು ಕೂರಿಸಿದ ಮೇಲೆ ಗುಳಿಯ ಅಂಚಿನ ಹಿತ್ತಾಳೆಯನ್ನು ಒಳಕ್ಕೆ ಒತ್ತಿ, ಕೇಪಿನ ಮೇಲೆ ಮಡಚಿದ ಹಾಗೆ ಮಾಡುತ್ತಾರೆ. ಇದಕ್ಕೆ ಕ್ರಿಂಪ್ ಎಂದು ಹೆಸರು. ಕೆಲವು ತೋಟಾಗಳಲ್ಲಿ ಇದು ಸುತ್ತಲೂ ಉಂಗುರದಂತೆ ಇರುತ್ತದೆ. ಕೆಲವದರಲ್ಲಿ ಉಳಿಯಿಂದ ಚುಚ್ಚಿದ ಹಾಗೆ ಮೂರೋ ನಾಲ್ಕೋ ಕಡೆ ಮಾತ್ರ ಇರುತ್ತದೆ. 12 ಬೋರ್ ತೋಟಾದ ಬಾಯಿಯನ್ನು ಮಡಚಿ ಮುಚ್ಚುವುದಕ್ಕೂ ಕ್ರಿಂಪ್ ಎಂದೇ ಹೇಳುವುದರಿಂದ ಅಣ್ಣನಿಗೆ ಗೊಂದಲವಾಗಿತ್ತು. ಅದು ಬಾಯಿಯ ಮಡಿಕೆ, ಇದು ತಳದ ಮಡಿಕೆ, ಎರಡಕ್ಕೂ ಸಂಬಂಧವಿಲ್ಲ.

ಹೊಡೆದ ಕೇಸಿನಿಂದ ಹಳೆಯ ಕೇಪನ್ನು ತಳ್ಳಿ ಹೊರತೆಗೆದರೂ ಈ ಮಡಿಕೆ ಅಲ್ಲೇ ಉಳಿಯುತ್ತದೆ. ಅದರ ಮೇಲೆಯೇ ಹೊಸ ಕೇಪನ್ನು ಒತ್ತಿದರೆ ಅದು ಓರೆಯಾಗಿ ಜಜ್ಜಿಹೋಗುತ್ತದೆ, ಇಲ್ಲವೇ ಪೂರ್ತಿ ಇಳಿಯದೆ ತಳದಿಂದ ಮೇಲಕ್ಕೆ ಉಬ್ಬಿ ನಿಲ್ಲುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ತಾನೇ ತುಂಬಿಕೊಳ್ಳುವ ರೈಫಲಿನಲ್ಲಿ ಬೋಲ್ಟು, ಅಂದರೆ ತೋಟಾದ ಹಿಂದೆ ಬಂದು ನಿಲ್ಲುವ ಉಕ್ಕಿನ ಅಗುಳಿ, ರಭಸದಿಂದ ಮುಚ್ಚಿಕೊಳ್ಳುವಾಗ ಉಬ್ಬಿದ ಕೇಪಿಗೆ ಪೆಟ್ಟು ಬಿದ್ದು, ಕುದುರೆ ಎಳೆಯುವ ಮೊದಲೇ ತೋಟಾ ಸಿಡಿಯಬಹುದು. ಸರಿಯಾಗಿ ಕೂತ ಕೇಪು ತಳದ ಸಮಕ್ಕೋ ಅದಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಕ್ಕೋ ಇರಬೇಕು. ಬೆರಳ ತುದಿ ಆಡಿಸಿದರೆ ಗೊತ್ತಾಗುತ್ತದೆ.

ಈ ಮಡಿಕೆಯನ್ನು ಬಿಡಿಸಲು ಎರಡು ದಾರಿಗಳಿವೆ. ಒಂದು, ರೀಮರಿನಿಂದ ಅದನ್ನು ಕೆರೆದು ತೆಗೆಯುವುದು. ಇನ್ನೊಂದು, ಗಟ್ಟಿ ಉಕ್ಕಿನ ಮೊಳೆಯನ್ನು ಗುಳಿಯೊಳಗೆ ಒತ್ತಿ ಮಡಿಕೆಯನ್ನು ಹಿಂದಕ್ಕೆ ದೂಡುವುದು. ಇದಕ್ಕೆ ಸ್ವೇಜ್ ಮಾಡುವುದು ಎನ್ನುತ್ತಾರೆ. ಕೆರೆಯುವಾಗ ಲೋಹ ಹೋಗುತ್ತದೆ, ಒತ್ತುವಾಗ ಲೋಹ ಜಾಗ ಬದಲಿಸುತ್ತದೆ. ನಾನು ಮೊದಮೊದಲು ಕೈಯಲ್ಲಿ ತಿರುಗಿಸುವ ರೀಮರ್ ಬಳಸಿದೆ. ಐವತ್ತು ಕೇಸಿಗೆ ಅದು ಸಾಕು, ಬೆಲೆಯೂ ಕಡಿಮೆ. ಇನ್ನೂರು ದಾಟಿದರೆ ಮಣಿಕಟ್ಟು ನೋಯುತ್ತದೆ, ನೋವು ಬಂದಾಗ ಕೈ ಓರೆಯಾಗುತ್ತದೆ, ಓರೆಯಾದ ಕೈ ಗುಳಿಯ ಬಾಯನ್ನು ಅಗಲ ಮಾಡುತ್ತದೆ. ಡ್ರಿಲ್ಲಿಗೆ ಸಿಕ್ಕಿಸಿದರೆ ವೇಗ ಬರುತ್ತದೆ, ಜೊತೆಗೆ ತಪ್ಪೂ ವೇಗವಾಗಿ ಬರುತ್ತದೆ. ಆಮೇಲೆ ತುಂಬುವ ಪ್ರೆಸ್ಸಿಗೇ ಅಳವಡಿಸುವ ಸ್ವೇಜರನ್ನು ನೋಡಿದೆ. ಕೆಲಸ ಚೆನ್ನಾಗಿದೆ, ಆದರೆ ಪ್ರತಿಸಲ ಪ್ರೆಸ್ಸಿನ ಡೈ, ಅಂದರೆ ಅಚ್ಚು, ಬಿಚ್ಚಿ, ಇದನ್ನು ಹಾಕಿ, ಮತ್ತೆ ಅಳತೆ ಕೂಡಿಸಬೇಕು. ಹಾಗಾಗಿ ಬೆಂಚಿಗೆ ಬೋಲ್ಟ್ ಹಾಕಿ ಬಿಗಿಯುವ, ಇದೊಂದೇ ಕೆಲಸ ಮಾಡುವ ಯಂತ್ರವನ್ನು ಕೊಂಡೆ. ಡಿಲನ್, ಆರ್‌ಸಿಬಿಎಸ್ ಮೊದಲಾದ ಕಂಪನಿಗಳು ಈ ಬಗೆಯ ಯಂತ್ರಗಳನ್ನು ಮಾಡುತ್ತವೆ. ನನ್ನದು ಯಾರದ್ದು ಎಂಬುದು ಇಲ್ಲಿ ಮುಖ್ಯವಲ್ಲ. ನನ್ನ ಮಾತು ಈ ವಿನ್ಯಾಸದ ಬಗ್ಗೆ.

ಯಂತ್ರ ನೋಡಲು ಸರಳ. ಬೀಡಿನ ಗಟ್ಟಿ ದೇಹ, ಒಂದು ಉದ್ದ ಹಿಡಿ, ಎದುರುಬದುರಾಗಿ ಎರಡು ಸರಳುಗಳು. ಒಂದು ಸರಳು ಕೇಸಿನ ಬಾಯಿಯಿಂದ ಒಳಹೊಕ್ಕು ತಳದ ಒಳಮೈಗೆ ತಾಗಿ ಆಸರೆಯಾಗಿ ನಿಲ್ಲುತ್ತದೆ; ಇನ್ನೊಂದು, ಅಂದರೆ ಸ್ವೇಜ್ ಮೊಳೆ, ಹಿಡಿ ಒತ್ತಿದಾಗ ಹೊರಗಿನಿಂದ ಬಂದು ಕೇಪಿನ ಗುಳಿಯನ್ನು ಹೊಗುತ್ತದೆ. ಹಿಡಿಗೆ ಸನ್ನೆಗೋಲಿನ ಬಲವಿರುವುದರಿಂದ ಒತ್ತಲು ಶ್ರಮವಿಲ್ಲ. 5.56 ಮಿಲಿಮೀಟರಿನ ತೋಟಾಕ್ಕೆ ಚಿಕ್ಕ ಕೇಪು, ಅದರ ವ್ಯಾಸ ಸುಮಾರು 4.45 ಮಿಲಿಮೀಟರು; 7.62 ಮಿಲಿಮೀಟರಿನ ನ್ಯಾಟೋ ತೋಟಾಕ್ಕೂ ಹಳೆಯ .30-06ಕ್ಕೂ ದೊಡ್ಡ ಕೇಪು, ಸುಮಾರು 5.33 ಮಿಲಿಮೀಟರು. ಎರಡಕ್ಕೂ ಬೇರೆ ಬೇರೆ ಮೊಳೆಗಳು ಜೊತೆಯಲ್ಲೇ ಬರುತ್ತವೆ, ಬದಲಿಸಲು ಐದು ನಿಮಿಷ ಸಾಕು.

ಇಷ್ಟು ಹೊಗಳಿದ ಮೇಲೆ ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳಬೇಕು, ಏಕೆಂದರೆ ಈ ಯಂತ್ರದ ನಿಜವಾದ ಸ್ವಭಾವ ನನಗೆ ತಿಳಿದದ್ದು ಅದರಿಂದಲೇ. ಮೊದಲ ಸಂಜೆ ಒಂದು ಕೇಸಿಗೆ ಸರಿಯಾಗಿ ಅಳತೆ ಕೂಡಿಸಿ, ಲಾಕ್ ನಟ್ಟು ಬಿಗಿದು, ಶೂಟಿಂಗ್ ರೇಂಜಿನಿಂದ ತಂದ ಚೀಲದಲ್ಲಿದ್ದ ಕೇಸುಗಳನ್ನೆಲ್ಲ ಒಂದೇ ಸಮನೆ ಒತ್ತುತ್ತ ಹೋದೆ. ಮುನ್ನೂರಾದ ಮೇಲೆ ಕೇಪು ಕೂರಿಸಿ ನೋಡಿದರೆ ಕೆಲವದರಲ್ಲಿ ಮಡಿಕೆ ಅರ್ಧ ಉಳಿದಿತ್ತು. ಸುಮಾರು ನಲವತ್ತರಲ್ಲಿ ಗುಳಿ ಎಷ್ಟು ಅಗಲವಾಗಿತ್ತೆಂದರೆ ಹೆಬ್ಬೆರಳಿನಿಂದ ಒತ್ತಿದರೂ ಕೇಪು ಒಳಗೆ ಹೋಗುತ್ತಿತ್ತು. ಸಡಿಲ ಗುಳಿಯ ಸುತ್ತಿನಿಂದ ಬಿಸಿ ಅನಿಲ ಹಿಂದಕ್ಕೆ ಸೋರಿ ಬೋಲ್ಟಿನ ಮುಖವನ್ನು ಸುಡುತ್ತದೆ. ಆ ನಲವತ್ತನ್ನೂ ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕಿದೆ.

ಕಾರಣ ಹುಡುಕಲು ನಾಲ್ಕು ಕೇಸುಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿದೆ. ಆಸರೆಯ ಸರಳು ನಿಲ್ಲುವುದು ಕೇಸಿನ ತಳದ ಒಳಮೈ ಮೇಲೆ. ಮೊಳೆ ಎಷ್ಟು ಆಳಕ್ಕೆ ಹೋಗಬೇಕೆಂಬುದನ್ನು ಯಂತ್ರ ಅಳೆಯುವುದು ಅಲ್ಲಿಂದ. ತಳದ ದಪ್ಪ ಒಂದೊಂದು ಕಾರ್ಖಾನೆಯ ಕೇಸಿನಲ್ಲಿ ಒಂದೊಂದು ಬಗೆ. ತಳ ತೆಳ್ಳಗಿದ್ದರೆ ಕೇಸು ಮೊಳೆಯಿಂದ ದೂರ ಸರಿದು ಮಡಿಕೆ ಉಳಿಯುತ್ತದೆ. ದಪ್ಪಗಿದ್ದರೆ ಮೊಳೆ ಬೇಕಾದದ್ದಕ್ಕಿಂತ ಆಳಕ್ಕೆ ಇಳಿದು ಗುಳಿಯನ್ನು ಹಿಗ್ಗಿಸುತ್ತದೆ. ಯಂತ್ರದ ತಪ್ಪು ಇದರಲ್ಲಿ ಏನೂ ಇರಲಿಲ್ಲ. ನಾಲ್ಕು ಊರಿನ ಸರಕನ್ನು ಒಂದೇ ಚೀಲಕ್ಕೆ ಸುರಿದು ಒಂದೇ ಧಾರಣೆ ಕೇಳಿದವನು ನಾನು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡದೆ ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ಯುವವರು ಯಾರಿದ್ದಾರೆ? ಅಂಥ ಮನೆಯಲ್ಲಿ ಹುಟ್ಟಿದವನಿಗೆ ಈ ಬುದ್ಧಿ ಮುನ್ನೂರು ಕೇಸುಗಳ ನಂತರ ಬಂತು.

ಆದ್ದರಿಂದ ಈ ಯಂತ್ರ ಕೊಳ್ಳುವವರು ಮೊದಲು ಕಲಿಯಬೇಕಾದದ್ದು ತಳದ ಮುದ್ರೆಯನ್ನು ಓದುವುದನ್ನು. ನಾನಿದ್ದ ಊರಿನ ಆಸುಪಾಸಿನಲ್ಲೇ, ಇಂಡಿಪೆಂಡೆನ್ಸ್ ಪಟ್ಟಣದಲ್ಲಿ, ಲೇಕ್ ಸಿಟಿ ಎಂಬ ಸೇನಾ ಮದ್ದುಗುಂಡು ಕಾರ್ಖಾನೆ ಇದೆ, 1941ರಲ್ಲಿ ಆರಂಭವಾದದ್ದು. ಅಲ್ಲಿನ ಕೇಸಿನ ತಳದಲ್ಲಿ ಎಲ್‌ಸಿ ಎಂಬ ಅಕ್ಷರಗಳೂ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳೂ ಇರುತ್ತವೆ. ನ್ಯಾಟೋ ಅಳತೆಗೆ ಒಪ್ಪಿದ ತೋಟಾವಾದರೆ ವೃತ್ತದೊಳಗೆ ಕೂಡು ಚಿಹ್ನೆಯೂ ಇರುತ್ತದೆ. ಡಬ್ಲ್ಯುಸಿಸಿ ಎಂದಿದ್ದರೆ ವಿಂಚೆಸ್ಟರಿನವರದ್ದು, ಟಿಡಬ್ಲ್ಯು ಎಂದಿದ್ದರೆ ಟ್ವಿನ್ ಸಿಟೀಸ್ ಕಾರ್ಖಾನೆಯದ್ದು. ಮುದ್ರೆಗೊಂದರಂತೆ ಡಬ್ಬಿ ಇಟ್ಟು, ಒಂದು ಡಬ್ಬಿ ಮುಗಿದು ಇನ್ನೊಂದನ್ನು ಎತ್ತಿಕೊಳ್ಳುವಾಗ ಅಳತೆಯನ್ನು ಮತ್ತೆ ಕೂಡಿಸಿಕೊಂಡರೆ ಈ ಯಂತ್ರ ಒಂದೇ ಒಂದು ಕೇಸನ್ನೂ ಕೆಡಿಸುವುದಿಲ್ಲ. ವಿಂಗಡಿಸುವುದರಿಂದ ಇನ್ನೊಂದು ಲಾಭವೂ ಇದೆ. ಸೇನೆಯ 7.62 ಕೇಸು ಸಾಮಾನ್ಯವಾಗಿ ನಾಗರಿಕ .308 ಕೇಸಿಗಿಂತ ದಪ್ಪ ಗೋಡೆಯದು, ಒಳಗಿನ ಜಾಗ ಕಡಿಮೆ. ನಾಗರಿಕ ಕೇಸಿಗೆ ಹೊಂದುವ ಮದ್ದಿನ ತೂಕವನ್ನು ಸೇನೆಯ ಕೇಸಿಗೆ ಹಾಕಿದರೆ ಒತ್ತಡ ಮಿತಿ ಮೀರಬಹುದು. ಎರಡನ್ನೂ ಬೆರೆಸಿಡುವುದು ಗುಳಿಯ ದೃಷ್ಟಿಯಿಂದಲೂ ತಪ್ಪು, ಪ್ರಾಣದ ದೃಷ್ಟಿಯಿಂದಲೂ ತಪ್ಪು.

ಅಳತೆ ಕೂಡಿಸುವ ಕ್ರಮ ಹೀಗೆ. ಆಸರೆಯ ಸರಳನ್ನು ಸಡಿಲವಾಗಿಟ್ಟು, ಕೇಸನ್ನು ಏರಿಸಿ, ಹಿಡಿಯನ್ನು ಕೊನೆಯವರೆಗೆ ಒತ್ತಬೇಕು. ಕೇಸನ್ನು ತೆಗೆದು ಕೇಪು ಕೂರಿಸಿ ನೋಡಿ, ಕೂರದಿದ್ದರೆ ಸರಳನ್ನು ಕಾಲು ಸುತ್ತಿನಷ್ಟು ಮುಂದೆ ತರಬೇಕು. ಕೇಪು ತುಸು ಬಿಗಿಯೊಂದಿಗೆ ಸರಿಯಾಗಿ ಇಳಿದ ಕ್ಷಣಕ್ಕೆ ನಿಂತು, ಅಲ್ಲಿಯೇ ನಟ್ಟು ಬಿಗಿಯಬೇಕು. ಇನ್ನೂ ಸ್ವಲ್ಪ ಇರಲಿ ಎಂಬ ಆಸೆಗೆ ಬಿದ್ದರೆ ಮೊಳೆ ಗುಳಿಯಲ್ಲಿ ಕಚ್ಚಿಕೊಳ್ಳುತ್ತದೆ, ಬಿಡಿಸಲು ಹಿಡಿಯನ್ನು ಹಿಂದಕ್ಕೆ ಎಳೆದಾಗ ಕೇಸಿನ ಅಂಚು ಬಾಗುತ್ತದೆ. ಸ್ಪಷ್ಟ ಕೈಸುಳಿವು ಕೊಡುವುದು ಈ ವಿನ್ಯಾಸದ ದೊಡ್ಡ ಗುಣ. ಮಡಿಕೆ ಹಿಂದಕ್ಕೆ ಸರಿಯುವಾಗ ಹಿಡಿಯಲ್ಲಿ ಒಂದು ಸಣ್ಣ ತಡೆ ಬಂದು ಕರಗುವುದು ಅಂಗೈಗೆ ತಿಳಿಯುತ್ತದೆ. ಆ ತಡೆ ಬಾರದೆ ಹಿಡಿ ಸಲೀಸಾಗಿ ಹೋದರೆ ಆ ಕೇಸಿಗೆ ಕ್ರಿಂಪೇ ಇಲ್ಲ, ಅಥವಾ ಹಿಂದೆಯೇ ಯಾರೋ ಬಿಡಿಸಿದ್ದಾರೆ ಎಂದರ್ಥ. ಒಮ್ಮೆ ಬಿಡಿಸಿದ ಕೇಸಿಗೆ ಮತ್ತೆಂದೂ ಈ ಕೆಲಸ ಬೇಕಿಲ್ಲವಾದ್ದರಿಂದ ಆದದ್ದನ್ನೂ ಆಗದ್ದನ್ನೂ ಬೇರೆ ಡಬ್ಬಿಗಳಲ್ಲಿ ಇಡಬೇಕು. ಸುಲಿದಿಟ್ಟ ಅಡಿಕೆಯನ್ನು ಸಿಪ್ಪೆಗೋಟಿನ ರಾಶಿಗೆ ಯಾರೂ ಹಾಕುವುದಿಲ್ಲ.

ಕೊರತೆಗಳು ಇಲ್ಲವೆಂದಲ್ಲ. ಕೇಸನ್ನು ಒಂದೊಂದಾಗಿ ಕೈಯಿಂದಲೇ ಏರಿಸಿ ಇಳಿಸಬೇಕು. ಗಂಟೆಗೆ ನಾಲ್ಕುನೂರರ ಮೇಲೆ ನಾನು ಎಂದೂ ಹೋಗಲಿಲ್ಲ. ಆಸರೆಯ ಸರಳನ್ನು ಪ್ರತಿಸಲ ಎತ್ತಬೇಕಾಗುತ್ತದೆ, ಅದಕ್ಕೆ ಒಂದು ಸ್ಪ್ರಿಂಗು ಇದ್ದಿದ್ದರೆ ಚೆನ್ನಾಗಿತ್ತು. ಆ ಕೊರತೆಗೆ ಬಳಕೆದಾರರು ಕಂಡುಕೊಂಡ ಉಪಾಯ ಒಂದು ರಬ್ಬರ್ ಬ್ಯಾಂಡ್; ನಾನೂ ಅದನ್ನೇ ಹಾಕಿದೆ. ಬೆಂಚು ಅಲುಗಾಡುವಂಥದ್ದಾದರೆ ಕೈಗೆ ಬರುವ ಸುಳಿವು ಕಳೆದುಹೋಗುತ್ತದೆ, ದಪ್ಪ ಹಲಗೆಯ ಮೇಲೆಯೇ ಕೂರಿಸಬೇಕು. ಮೊಳೆಗೆ ಆಗಾಗ ಒಂದು ಹನಿ ಎಣ್ಣೆ. ಇವಿಷ್ಟೇ.

ಇನ್ನು ಯಂತ್ರಕ್ಕೆ ಕೇಸು ಏರುವ ಮೊದಲಿನ ಕೆಲಸ. ಕ್ರಿಂಪ್ ಇರುವ ಹಳೆಯ ಕೇಪು ಸುಲಭವಾಗಿ ಹೊರಬರುವುದಿಲ್ಲ. ಅಳತೆಗೆ ತರುವ ಡೈಯ ತೆಳ್ಳನೆಯ ಸೂಜಿ ಅದಕ್ಕೆ ಬಾಗುತ್ತದೆ. ಕೇಪು ತಳ್ಳುವುದಕ್ಕೆಂದೇ ಮಾಡಿದ, ದಪ್ಪ ಸೂಜಿಯ ಬೇರೆ ಡೈ ಇಟ್ಟುಕೊಳ್ಳುವುದು ಒಳ್ಳೆಯದು. ಹೊರದೇಶಗಳ ಎಷ್ಟೋ ಸೇನಾ ಕೇಸುಗಳು ಬರ್ಡನ್ ಮಾದರಿಯವು: ತಳದಲ್ಲಿ ಕಿಡಿ ಹಾಯಲು ನಡುವೆ ಒಂದು ಕಿಂಡಿಯ ಬದಲು ಎರಡು ಸಣ್ಣ ಕಿಂಡಿಗಳಿರುತ್ತವೆ, ಗುಳಿಯ ನಡುವೆ ಕೇಸಿನದ್ದೇ ಒಂದು ಉಬ್ಬು ಇರುತ್ತದೆ. ಸೂಜಿ ಅದರ ಮೇಲೆ ಬಿದ್ದರೆ ಮುರಿಯುತ್ತದೆ. ನನ್ನ ಎರಡು ಸೂಜಿಗಳು ಹಾಗೇ ಹೋದವು. ಬಾಯಿಯಿಂದ ಟಾರ್ಚು ಬಿಟ್ಟು ಕಿಂಡಿ ನೋಡಿ, ಎರಡಿದ್ದರೆ ಪಕ್ಕಕ್ಕೆ ಇಡಬೇಕು. ಹೊಡೆಯದೆ ಉಳಿದ ಕೇಪು ಚೀಲದಲ್ಲಿ ಎಲ್ಲೋ ಒಂದು ಸಿಗುವುದುಂಟು, ಆದ್ದರಿಂದ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೂರಬಾರದು. ಕೇಪಿನ ಮಸಿಯಲ್ಲಿ ಸೀಸವಿರುತ್ತದೆ. ಕೆಲಸದ ನಡುವೆ ಕವಳ ಹಾಕುವ ನಮ್ಮವರು ಆ ಅಭ್ಯಾಸವನ್ನು ಹೊರಗಿಟ್ಟು ಬರಬೇಕು, ಎದ್ದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ಕೇಸು ತೊಳೆಯುವುದರಲ್ಲಿ ಅಲ್ಲಿನವರು ಆಕ್ರೋಡು ಸಿಪ್ಪೆಯ ಪುಡಿಯಲ್ಲಿ ಹೊರಳಿಸುತ್ತಾರೆ, ಇಲ್ಲವೇ ಸ್ಟೀಲ್ ಸೂಜಿಗಳೊಂದಿಗೆ ನೀರಿನಲ್ಲಿ ತಿರುಗಿಸುತ್ತಾರೆ. ನೀರಿನದ್ದೇ ಮೇಲು, ಸೀಸದ ಧೂಳು ಏಳುವುದಿಲ್ಲ. ಆ ನೀರಿಗೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿದರೆ ಹಿತ್ತಾಳೆ ಹೊಳೆಯುತ್ತದೆ ಎಂದು ಗೆಳೆಯನೊಬ್ಬ ಗುಟ್ಟು ಹೇಳುವಂತೆ ಹೇಳಿದಾಗ ನನಗೆ ನಗು ಬಂತು. ನಮ್ಮ ಅಮ್ಮ ದೇವರ ಪಾತ್ರೆಗಳಿಗೆ ಹುಣಿಸೆಹುಳಿ ಹಚ್ಚಿ ತಿಕ್ಕುವುದನ್ನು ಕಂಡು ಬೆಳೆದವನಿಗೆ ಹುಳಿಗೆ ಹಿತ್ತಾಳೆ ಬೆಳಗುತ್ತದೆ ಎಂಬುದು ಹೊಸತೇ? ಆದರೆ ಅಮೋನಿಯಾ ಬೆರೆತ ಪಾಲಿಷನ್ನು ಮಾತ್ರ ತೋಟಾದ ಕೇಸಿಗೆ ಮುಟ್ಟಿಸಬಾರದು. ಇದರ ಹಿಂದೆ ನಮ್ಮ ದೇಶದ ಮಳೆಗಾಲದ್ದೇ ಒಂದು ಕಥೆಯಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಠಾಣೆಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರಂತೆ. ಮಳೆ ಮುಗಿದು ತೆಗೆದರೆ ಹಿತ್ತಾಳೆ ಕೇಸುಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಋತುವಿನ ಬಿರುಕು ಎಂದೇ ಅದಕ್ಕೆ ಹೆಸರಾಯಿತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಕೇಸನ್ನು ತಣ್ಣಗೆ ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಒಳಬಿಗಿತ, ಇವೆರಡೂ ಕೂಡಿ ಹಾಗಾಗುತ್ತದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದರು. ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತುವಿರುವ ಈ ಹಿತ್ತಾಳೆಗೆ ಪರಿಹಾರವೆಂದರೆ ಹದವಾಗಿ ಕಾಯಿಸಿ ಬಿಗಿತ ಇಳಿಸುವುದು. ಸೇನಾ ಕೇಸಿನ ಕತ್ತಿನ ಬಳಿ ಕಾಣುವ ನೀಲಿ ಕಂದು ಛಾಯೆ ಕತ್ತನ್ನು ಹಾಗೆ ಕಾಯಿಸಿದ ಗುರುತು, ಅದು ಕೊಳೆಯಲ್ಲ. ತಿಕ್ಕಿ ತೆಗೆಯಲು ಹೋಗಬೇಡಿ. ಆಗುಂಬೆಯ ಮಳೆ, ದನದ ಕೊಟ್ಟಿಗೆ ಎರಡನ್ನೂ ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ. ಅಣ್ಣ ತನ್ನ ತೋಟಾದ ಪೆಟ್ಟಿಗೆಯನ್ನು ಕೊಟ್ಟಿಗೆಯ ಅಟ್ಟದಿಂದ ಒಳಮನೆಗೆ ತಂದದ್ದು ಈ ಕಥೆ ಕೇಳಿದ ಮಾರನೆಯ ದಿನ.

ಕ್ರಿಂಪ್ ಬಿಡಿಸಿದ ಮಾತ್ರಕ್ಕೆ ಕೇಸು ಸಿದ್ಧವಾಗುವುದಿಲ್ಲ ಎಂಬುದನ್ನೂ ಹೊಸಬರು ಗಮನಿಸಬೇಕು. ಮೆಷಿನ್ ಗನ್ನಿನಲ್ಲಿ ಹೊಡೆದ ಕೇಸು ತಳದ ಹತ್ತಿರ ಹಿಗ್ಗಿರುತ್ತದೆ, ಗೋಡೆ ಒಳಗಿನಿಂದ ತೆಳುವಾಗಿರುತ್ತದೆ. ತುದಿ ಬಗ್ಗಿಸಿದ ತೆಳು ತಂತಿಯನ್ನು ಒಳಗೆ ಇಳಿಸಿ ಗೋಡೆಯ ಮೇಲೆ ಎಳೆದರೆ ತೆಳುವಾದ ಕಡೆ ತುದಿ ತಡೆಯುತ್ತದೆ. ಅಂಥದ್ದು ಗುಜರಿಗೇ ಸರಿ. ಅಳತೆಗೆ ತಂದ ಮೇಲೆ ಉದ್ದ ನೋಡಬೇಕು: .223ರ (5.56ರ ನಾಗರಿಕ ರೂಪ) ಕೇಸು 44.70 ಮಿಲಿಮೀಟರು, .308ರದ್ದು 51.18 ಮಿಲಿಮೀಟರು ದಾಟಬಾರದು. ಈ ಕೆಲಸಗಳಲ್ಲಿ ಯಾವುದಕ್ಕೂ ಸ್ವೇಜ್ ಯಂತ್ರ ನೆರವಾಗುವುದಿಲ್ಲ.

ಅಣ್ಣನ ಪ್ರಶ್ನೆಗೆ ಆಗುವುದಿಲ್ಲ ಎಂದದ್ದೇಕೆಂದರೆ, 12 ಬೋರ್ ತೋಟಾದ ಕೇಪಿಗೆ ಸೈನ್ಯದ ಈ ಮಡಿಕೆಯಿಲ್ಲ, ಯಂತ್ರಕ್ಕೆ ಅಲ್ಲಿ ಕೆಲಸವೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ವಿಧಿಯ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೆ ಬೇರೆಯೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಅದನ್ನು ಕೊಡುವುದಿಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ನಮ್ಮ ತೋಟಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಇದ್ದುಕೊಂಡು ಈ ಯಂತ್ರ ತರಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ, ಪರವಾನಗಿ ಇರುವ ಅಂಗಡಿಯಿಂದ ತೋಟಾ ಕೊಳ್ಳಿ.

ಅಮೆರಿಕದಲ್ಲಿ ಕಾನೂನಿನ ಪ್ರಕಾರ ಈ ಹವ್ಯಾಸ ನಡೆಸುವವರು, ವರ್ಷಕ್ಕೆ ಇನ್ನೂರು ಕೇಸಿನ ಒಳಗಿದ್ದರೆ ಕೈ ರೀಮರಿನಲ್ಲೇ ಇರಿ. ಸಾವಿರದ ಲೆಕ್ಕದಲ್ಲಿ ಸೇನಾ ಹಿತ್ತಾಳೆ ಕೊಳ್ಳುವವರಾದರೆ ಬೆಂಚಿನ ಯಂತ್ರವೇ ಸರಿ. ಜೊತೆಗೆ ಗುಳಿ ಅಳೆಯುವ ಗೋ-ನೋಗೋ ಗೇಜನ್ನೂ ತರಿಸಿ, ಹೆಬ್ಬೆರಳನ್ನು ನಂಬಬೇಡಿ. ತಾತ್ಕಾಲಿಕ ವೀಸಾದಲ್ಲಿ ಹೋದವರು ಮಾತ್ರ ಖಾಲಿ ಕೇಸು ಮುಟ್ಟುವ ಮೊದಲೇ ವಕೀಲರನ್ನು ಕೇಳಬೇಕು. ಅಲ್ಲಿನ ಕಾನೂನಿನಲ್ಲಿ ಖಾಲಿ ಕೇಸೂ ಮದ್ದುಗುಂಡೇ. ನನ್ನ ಯಂತ್ರವನ್ನು ಬರುವಾಗ ಟೂಲ್ ರೂಮಿನ ಗೆಳೆಯನಿಗೆ ಕೊಟ್ಟೆ. ಆರು ವರ್ಷದಲ್ಲಿ ಅದರ ಮೊಳೆ ಸವೆದಿಲ್ಲ, ಹಿಡಿ ಸಡಿಲಾಗಿಲ್ಲ; ರಬ್ಬರ್ ಬ್ಯಾಂಡನ್ನು ಮಾತ್ರ ವರ್ಷಕ್ಕೊಮ್ಮೆ ಬದಲಿಸು ಎಂದು ಹೇಳಿ ಬಂದಿದ್ದೇನೆ.